ಬೋರ್ಡಿನಲ್ಲಿಲ್ಲದ ಜ್ವರ

ಆ ಲಾಂಡ್ರಿಯಲ್ಲಿ ದಿನಕ್ಕೆ ನಾಲ್ಕು ಸಾವಿರ ಬೆಡ್‌ಶೀಟು ಒಗೆಯುತ್ತಿದ್ದರು. ಆಸ್ಪತ್ರೆಗಳದು, ಹೋಟೆಲುಗಳದು, ಒಂದು ಹಾಸ್ಟೆಲಿನದು. ಮೇಲಿನ ಮಹಡಿಯಲ್ಲಿ ಹರಿದದ್ದನ್ನು ಹೊಲಿಯುತ್ತಿದ್ದರು, ಕೆಳಗಿನದರಲ್ಲಿ ಒಗೆದು ಇಸ್ತ್ರಿ ಹಾಕುತ್ತಿದ್ದರು, ಅದಕ್ಕೂ ಕೆಳಗೆ ನೆಲಮಾಳಿಗೆಯಲ್ಲಿ ಬಾಯ್ಲರ್ ಇತ್ತು. ಬಾಯ್ಲರಿನ ಪಕ್ಕ ಒಂದು ಕುರ್ಚಿ, ಕುರ್ಚಿಯ ಮೇಲೆ ಮೇಸ್ತ್ರಿ. ಇಪ್ಪತ್ತಾರು ವರ್ಷಗಳಲ್ಲಿ ಈ ಏರ್ಪಾಟಿನಲ್ಲಿ ಬದಲಾದದ್ದು ಕುರ್ಚಿ ಮಾತ್ರ, ಅದೂ ಎರಡು ಸಲ.

ಇಡೀ ಕಟ್ಟಡದಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ ಕೂತವರಿಗೆ ಇಸ್ತ್ರಿ ವಿಭಾಗದ ಹೆಂಗಸರು ಇಟ್ಟಿದ್ದ ಅಡ್ಡಹೆಸರು ತಣ್ಣೀರು ಮೇಸ್ತ್ರಿ. ಒಮ್ಮೆ ಸ್ಟೀಮ್ ಪೈಪು ಸೀಳಿ, ಮೂರು ಜನ ಕಿರುಚಿಕೊಂಡು ಬೀದಿಗೆ ಓಡಿದಾಗ, ಮೇಸ್ತ್ರಿ ಎದ್ದು, ವಾಲ್ವು ತಿರುಗಿಸಿ, ಪುಸ್ತಕದಲ್ಲಿ ಗಂಟೆ ಬರೆದು ಮತ್ತೆ ಕೂತಿದ್ದರು. ಅವರು ನಂಬಿದ್ದು ಗೇಜಿನ ಮುಳ್ಳನ್ನು. ಮನುಷ್ಯ ಸುಳ್ಳು ಹೇಳುತ್ತಾನೆ, ಮುಳ್ಳು ಹೇಳುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಅರ್ಧ ಗಂಟೆಗೊಮ್ಮೆ ಮುಳ್ಳು ನೋಡುವುದು, ಪುಸ್ತಕದಲ್ಲಿ ಬರೆಯುವುದು. ಏಳು ಕೆಜಿ ಪ್ರೆಶರ್ ಇದ್ದರೆ ಲೋಕ ಸರಿಯಾಗಿದೆ. ಒಂಬತ್ತಾದರೆ ಬೆಂಕಿ ತಗ್ಗಿಸಬೇಕು, ಐದಾದರೆ ಏರಿಸಬೇಕು. ಇದಕ್ಕಿಂತ ಹೆಚ್ಚಿನದನ್ನು ತಲೆಯಲ್ಲಿಟ್ಟುಕೊಂಡವರು ತಲೆ ಕೆಡಿಸಿಕೊಂಡದ್ದನ್ನೇ ಅವರು ನೋಡಿದ್ದು.

ಗೋಡೆಯ ಮೇಲೆ ಅವರೇ ಬರೆದ ಬೋರ್ಡುಗಳಿದ್ದವು. ‘ಮುಳ್ಳು ಕೆಂಪು ಗೆರೆ ಮುಟ್ಟಿದರೆ ಬೆಂಕಿ ಆರಿಸು.’ ‘ಗಾಜಿನಲ್ಲಿ ನೀರು ಕಾಣದಿದ್ದರೆ ಬೆಂಕಿ ಆರಿಸು.’ ‘ಎರಡೂ ಆದರೆ ಓಡು.’ ಆರು ಮಾತಿಗಿಂತ ಉದ್ದದ ಬೋರ್ಡನ್ನು ಅವರು ಬರೆದವರಲ್ಲ. ಆಪತ್ತು ಬಂದಾಗ ಏಳನೆಯ ಮಾತು ಓದುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಅದನ್ನು ಮನೆಗೂ ತೆಗೆದುಕೊಂಡು ಹೋದದ್ದೇ ಎಡವಟ್ಟಾಯಿತು.

ಮೇಸ್ತ್ರಿಗೆ ಐವತ್ತೊಂದು ತುಂಬಿದ ವರ್ಷ ಮೈ ಕಪ್ಪಾಗತೊಡಗಿತು. ಮೊದಲು ಬೆರಳ ಗಿಣ್ಣುಗಳು, ಆಮೇಲೆ ಅಂಗೈ ಗೆರೆಗಳು, ಕೊನೆಗೆ ವಸಡು. ಬಾಯ್ಲರ್ ಮಸಿ ಎಂದರು ಎಲ್ಲರೂ. ಬಾಯ್ಲರಿಗೆ ಗ್ಯಾಸು ಬಂದು ಹದಿನಾಲ್ಕು ವರ್ಷವಾಗಿದೆ, ಮಸಿ ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ. ತೂಕ ಹನ್ನೊಂದು ಕೆಜಿ ಇಳಿಯಿತು. ಬೆಳಿಗ್ಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮೆಟ್ಟಿಲು ಹತ್ತುವಾಗ ಏಳನೆಯದರಲ್ಲಿ ಒಮ್ಮೆ, ಹದಿನಾಲ್ಕನೆಯದರಲ್ಲಿ ಒಮ್ಮೆ ಕೂರುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರವೆಂದರೆ ಉಪ್ಪು. ಊಟಕ್ಕೆ ಕೂತರೆ ಉಪ್ಪಿನ ಡಬ್ಬಿ ಪಕ್ಕದಲ್ಲಿರಬೇಕು. ಒಂದು ದಿನ ಹೆಂಡತಿ ಅಡುಗೆಮನೆಗೆ ಬಂದಾಗ ಮೇಸ್ತ್ರಿ ಅಂಗೈಯಲ್ಲಿ ಉಪ್ಪು ಹಾಕಿಕೊಂಡು ನೆಕ್ಕುತ್ತ ನಿಂತಿದ್ದರು.

“ಏನ್ರೀ ಇದು, ದನದ ಥರ?”

“ಬಾಯಿ ಸಪ್ಪೆ ಇದೆ.”

“ಡಾಕ್ಟ್ರ ಹತ್ರ ಹೋಗೋಣ ಬನ್ನಿ.”

“ಬಾಯಿ ಸಪ್ಪೆಗೆ ಡಾಕ್ಟ್ರಾ? ಸುಮ್ನಿರು.”

ಹೆಂಡತಿ ಸುಮ್ಮನಿರುವ ಪೈಕಿ ಅಲ್ಲ. ಅದೇ ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಹರಿದ ಶೀಟುಗಳನ್ನು ಹೊಲಿಯುವುದು ಅವಳ ಕೆಲಸ. ಅಲ್ಲಿ ಅವಳನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು. ಬೆಳಕಿಗೆ ಹಿಡಿದರೆ ಸಾಕು, ಬಟ್ಟೆ ಇನ್ನು ಎಷ್ಟು ಒಗೆತ ತಾಳುತ್ತದೆ ಎಂದು ಹೇಳುತ್ತಿದ್ದಳು. ಗಂಡನನ್ನು ಬೆಳಕಿಗೆ ಹಿಡಿಯಲು ಆಗುತ್ತಿರಲಿಲ್ಲ, ಅದಕ್ಕೆ ದಿನಾ ಮುಖ ನೋಡುತ್ತಿದ್ದಳು. ನೋಡಿ ಅವಳಿಗೆ ಭಯವಾಗುತ್ತಿತ್ತು.

ಬೀದಿಯ ಕೊನೆಯ ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ ಕೊಟ್ಟರು. ಎರಡನೆಯ ಡಾಕ್ಟರು, “ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ” ಎಂದರು. ಮೇಸ್ತ್ರಿ ಪ್ರಾಮಾಣಿಕವಾಗಿ ಯೋಚಿಸಿ ನೋಡಿದರು, ಕಮ್ಮಿ ಮಾಡಿಕೊಳ್ಳಲು ತಮ್ಮ ಬಳಿ ಟೆನ್ಷನ್ ಎಲ್ಲಿದೆ ಎಂದು ಹೊಳೆಯಲಿಲ್ಲ. ಲಾಂಡ್ರಿಯ ಮ್ಯಾನೇಜರಿಗೆ ಮಾತ್ರ ಡಾಕ್ಟರ ಮಾತು ಪೂರ್ತಿ ಒಪ್ಪಿಗೆಯಾಯಿತು. “ಮೇಸ್ತ್ರಿ, ನೀವು ಎಲ್ಲಾ ಒಳಗೇ ಇಟ್ಕೋತೀರಿ. ಅದೇ ತಿಂತಾ ಇದೆ ನಿಮ್ಮನ್ನ” ಎಂದು ಹದಿನೈದು ದಿನ ರಜೆ ಕೊಟ್ಟರು. ಮೇಸ್ತ್ರಿ ಮನೆಯಲ್ಲಿ ಕೂತು, ಆ ಹದಿನೈದು ದಿನ ಬಾಯ್ಲರ್ ಯಾರು ನೋಡಿಕೊಳ್ಳುತ್ತಾರೋ ಎಂದು ಜೀವನದಲ್ಲಿ ಮೊದಲ ಸಲ ಟೆನ್ಷನ್ ಮಾಡಿಕೊಂಡರು. ಹದಿನಾರನೆಯ ದಿನ ಕೆಲಸಕ್ಕೆ ಹೋಗಿ, ಏಳನೆಯ ಮೆಟ್ಟಿಲಲ್ಲಿ ಕೂತವರು ಮತ್ತೆ ಏಳಲಿಲ್ಲ.

ಎಚ್ಚರವಾದಾಗ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಕಣ್ಣು ಬಿಟ್ಟು ಮೊದಲು ನೋಡಿದ್ದು ಮೈಮೇಲಿನ ಶೀಟಿನ ಅಂಚನ್ನು. ತಮ್ಮದೇ ಲಾಂಡ್ರಿಯ ಗುರುತು. ಸುಕ್ಕು ಹೋಗಿರಲಿಲ್ಲ.

“ಐದು ಕೆಜಿಗೂ ಕಮ್ಮಿ ಸ್ಟೀಮಲ್ಲಿ ಒತ್ತಿದಾರೆ” ಎಂದರು. ಆಗಲೇ ಹೆಂಡತಿಗೆ ಗಂಡ ಬದುಕಿದ ಎಂದು ಖಾತ್ರಿಯಾಗಿ ಅಳು ಬಂದದ್ದು.

ಅಲ್ಲಿನ ಡಾಕ್ಟರಮ್ಮ ಹಾರ್ಮೋನಿನ ತಜ್ಞೆ. ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ವಿವರಿಸಿದರು. ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಎರಡು ಪುಟ್ಟ ಗ್ರಂಥಿಗಳಿರುತ್ತವೆ, ಅಡ್ರಿನಲ್ ಅಂತ. ಅವು ಕಾರ್ಟಿಸಾಲ್ ಎಂಬ ಹಾರ್ಮೋನು ಮಾಡುತ್ತವೆ. ಮೈಯಲ್ಲಿ ಉಪ್ಪು ನೀರು ಎಷ್ಟಿರಬೇಕು ಎಂದು ನೋಡಿಕೊಳ್ಳುವ ಇನ್ನೊಂದನ್ನೂ ಮಾಡುತ್ತವೆ. ಮೇಸ್ತ್ರಿಯ ಮೈ ತನ್ನ ಗ್ರಂಥಿಗಳನ್ನು ತನ್ನದಲ್ಲ ಅಂದುಕೊಂಡು ತಾನೇ ಹಾಳು ಮಾಡಿಬಿಟ್ಟಿದೆ.

“ಎಲ್ಲರೂ ನನಗೆ ಟೆನ್ಷನ್ ಅಂದ್ರು” ಎಂದರು ಮೇಸ್ತ್ರಿ.

“ಉಲ್ಟಾ. ಕಷ್ಟ ಬಂದಾಗ ಅದನ್ನ ತಡ್ಕೊಳ್ಳೋಕೆ ಮೈ ಈ ಹಾರ್ಮೋನನ್ನ ಜಾಸ್ತಿ ಬಿಡತ್ತೆ. ನಿಮ್ಮಲ್ಲಿ ಬಿಡೋಕೆ ಸ್ಟಾಕೇ ಇಲ್ಲ.”

“ರಿಪೇರಿ?”

“ಆಗಲ್ಲ. ಹೊರಗಿಂದ ಹಾಕ್ತಾ ಇರಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಾತ್ರೆ. ಬದುಕಿರೋವರೆಗೂ. ಒಂದು ದಿನವೂ ತಪ್ಪಿಸೋ ಹಾಗಿಲ್ಲ.”

ಅರ್ಧ ಗಂಟೆಗೊಮ್ಮೆ ಮುಳ್ಳು ನೋಡುವವರಿಗೆ ದಿನಕ್ಕೆ ಮೂರು ಸಲ ಮಾತ್ರೆ ನುಂಗುವುದು ಯಾವ ಲೆಕ್ಕ. ಮೇಸ್ತ್ರಿ ತಲೆಯಾಡಿಸಿದರು.

“ಇನ್ನೊಂದು ಮುಖ್ಯವಾದ್ದು” ಎಂದರು ಡಾಕ್ಟರಮ್ಮ. “ಮೈಮೇಲೆ ಪ್ರೆಶರ್ ಬಂದಾಗ ಮಾತ್ರೆ ಡಬಲ್ ಮಾಡಬೇಕು.”

ಪ್ರೆಶರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಸ್ತ್ರಿ ದಿಂಬಿನಡಿಯಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಎಷ್ಟೋ ದಿನದ ಮೇಲೆ ಒಬ್ಬ ಡಾಕ್ಟರು ಅವರಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಿದ್ದರು. ಅವರು ಬರೆಯುತ್ತಿದ್ದಾಗ ಹೆಂಡತಿ, “ಹಂಗಂದ್ರೆ ಜ್ವರ ಬಂದ್ರೆ?” ಎಂದು ಕೇಳಿದಳು.

“ಅದೇ ಅಮ್ಮಾ. ಜ್ವರ, ವಾಂತಿ, ದೊಡ್ಡ ಏಟು, ಆಪರೇಷನ್, ಎಲ್ಲಾ ಪ್ರೆಶರ್ರೇ. ವಾಂತಿಯಾಗಿ ಮಾತ್ರೆ ನಿಲ್ಲದಿದ್ರೆ ಈ ಇಂಜೆಕ್ಷನ್ ಕೊಟ್ಟು ತಕ್ಷಣ ಕರ್ಕೊಂಡು ಬನ್ನಿ. ಹೇಗೆ ಕೊಡೋದು ಅಂತ ಸಿಸ್ಟರ್ ತೋರಿಸ್ತಾರೆ.”

ಹೆಂಗಸರಿಬ್ಬರ ಈ ಮಾತುಕತೆ ಮೇಸ್ತ್ರಿಯ ಕಿವಿಗೆ ಬಿತ್ತು, ಆದರೆ ಪುಸ್ತಕಕ್ಕೆ ಬರಲಿಲ್ಲ. ಬೋರ್ಡಿಗೆ ಬೇಕಾದ್ದು ಅವರಿಗೆ ಸಿಕ್ಕಾಗಿತ್ತು. ನರ್ಸು ತಲೆದಿಂಬಿಗೆ ಸೂಜಿ ಚುಚ್ಚುವುದನ್ನು ತೋರಿಸಿಕೊಟ್ಟಳು. ಹೆಂಡತಿ ಒಂದೇ ಸಲಕ್ಕೆ ಕಲಿತಳು. “ಸೂಜಿ ಹಿಡಿಯೋದು ನಂಗೇನು ಹೊಸದಾ” ಎಂದಳು.

ಮನೆಗೆ ಬಂದ ಮರುದಿನವೇ ಅಡುಗೆಮನೆಯ ಗೋಡೆಗೆ ಬೋರ್ಡು ಬಂತು. ಕೆಂಪು ಪೇಂಟಿನಲ್ಲಿ, ದುಂಡಾದ ಅಕ್ಷರದಲ್ಲಿ: ‘ಪ್ರೆಶರ್ ಬಂದರೆ ಮಾತ್ರೆ ಎರಡರಷ್ಟು.’

ಹೆಂಡತಿ ಓದಿ, “ಜ್ವರ ಅಂತ ಬರೀಲಿಲ್ಲ?” ಎಂದಳು.

“ಅದೆಲ್ಲ ಇದರೊಳಗೇ ಬಂತು.”

“ವಾಂತಿ?”

“ಬೋರ್ಡು ಕಣೇ ಇದು, ಕಾದಂಬರಿ ಅಲ್ಲ.”

ಪ್ರೆಶರ್ ಇದ್ದ ಮೇಲೆ ಗೇಜು ಇರಲೇಬೇಕಲ್ಲ. ಔಷಧಿ ಅಂಗಡಿಯಿಂದ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಮಷೀನು ಬಂತು. ಅದಕ್ಕೆ ಮುಳ್ಳಿಲ್ಲ, ಬರೀ ಅಂಕಿ ಬರುತ್ತದೆ ಎಂದು ಮೇಸ್ತ್ರಿಗೆ ಸ್ವಲ್ಪ ಬೇಸರವಾಯಿತು, ಆದರೂ ಹೊಂದಿಕೊಂಡರು. ಬೆಳಿಗ್ಗೆ ಸಂಜೆ ನೋಡಿ ಬರೆದಿಡುತ್ತಿದ್ದರು. ನೂರ ಹದಿನೆಂಟು, ನೂರ ಇಪ್ಪತ್ತು, ನೂರ ಹದಿನಾರು. ಲೋಕ ಸರಿಯಾಗಿತ್ತು.

ಮಾತ್ರೆಗಳು ಕೆಲಸ ಮಾಡಿದವು. ಎಂಟು ತಿಂಗಳಲ್ಲಿ ಮೈಬಣ್ಣ ತಿಳಿಯಾಯಿತು, ತೂಕ ಬಂತು, ಉಪ್ಪಿನ ಡಬ್ಬಿ ತನ್ನ ಜಾಗಕ್ಕೆ ಹೋಯಿತು. ಜೊತೆಗೆ ಯಾರೂ ಕೇಳದಿದ್ದ ಒಂದು ವಸ್ತುವೂ ವಾಪಸು ಬಂತು, ಸಿಟ್ಟು. ಮೇಸ್ತ್ರಿಗೆ ಸಿಟ್ಟು ಬರುತ್ತದೆಂದು ಇಸ್ತ್ರಿ ವಿಭಾಗದವರಿಗೆ ಗೊತ್ತಾದದ್ದೇ ಆ ವರ್ಷ. ವಾಲ್ವು ಬದಲಾಯಿಸಿ ಎಂದು ನಾಲ್ಕು ಸಲ ಬರೆದುಕೊಟ್ಟರೂ ಮ್ಯಾನೇಜರು ಬದಲಾಯಿಸದಿದ್ದಾಗ ಮೇಸ್ತ್ರಿ ಮೇಲೆ ಹೋಗಿ, ಮೆಟ್ಟಿಲಲ್ಲಿ ಎಲ್ಲೂ ಕೂರದೆ, ಮೇಜು ಗುದ್ದಿ ಬಂದರು. ಮ್ಯಾನೇಜರ ಟೀ ಚೆಲ್ಲಿತು. ವಾಲ್ವು ಮೂರು ದಿನದಲ್ಲಿ ಬಂತು. ಮೇಜು ಗುದ್ದಿದ ದಿನ ಸಂಜೆ ಮಷೀನು ಕಟ್ಟಿ ನೋಡಿದರೆ ನೂರ ಇಪ್ಪತ್ತೆರಡು.

“ನೋಡು, ಇಷ್ಟು ಜಗಳ ಆಡಿದ್ರೂ ಪ್ರೆಶರ್ ಇಲ್ಲ” ಎಂದು ಹೆಂಡತಿಗೆ ತೋರಿಸಿದರು. “ಮಾತ್ರೆ ಒಂದೇ ಸಾಕು.”

ಒಂದೇ ಸಾಕಾಗಿತ್ತು ಕೂಡ, ಮೇಜು ಗುದ್ದಿದ್ದಕ್ಕೆಲ್ಲ ಡಬಲ್ ಬೇಕಿರಲಿಲ್ಲ. ಹೀಗೆ ಬೋರ್ಡು ತಪ್ಪು ದಾರಿಯಲ್ಲಿ ಸರಿಯಾದ ಮನೆ ಮುಟ್ಟಿತು. ಮೇಸ್ತ್ರಿಗೆ ಅದರ ಮೇಲಿದ್ದ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಲಾಂಡ್ರಿಗೆ ವಾರದ ರಜೆಯಿದ್ದ ಒಂದು ದಿನ ಮೇಸ್ತ್ರಿ ಬೆಳಿಗ್ಗೆ ನಡುಗುತ್ತ ಎದ್ದರು. ಏಳು ಗಂಟೆಗೆ ಮಾತ್ರೆ ನುಂಗಿದರು, ಏಳೂಕಾಲಿಗೆ ಟೀ ಕುಡಿದರು, ಏಳೂವರೆಗೆ ಎರಡೂ ಒಟ್ಟಿಗೆ ಬಚ್ಚಲಿಗೆ ಹೋದವು. ಹಣೆ ಕಾದ ಹೆಂಚಾಗಿತ್ತು. ಥರ್ಮಾಮೀಟರು ನೂರ ಎರಡು ಎಂದಿತು.

“ಎರಡು ಮಾತ್ರೆ ತಗೊಳ್ಳಿ” ಎಂದಳು ಹೆಂಡತಿ.

“ಯಾಕೆ?”

“ಜ್ವರ ಬಂದಿದೆ.”

“ಬೋರ್ಡಲ್ಲಿ ಜ್ವರ ಇದೆಯಾ?”

“ಡಾಕ್ಟ್ರಮ್ಮ ನನ್ನೆದುರಿಗೇ ಹೇಳಿದಾರೆ.”

“ನನ್ನೆದುರಿಗೆ ಹೇಳಿದ್ದು ಪ್ರೆಶರ್ ಅಂತ. ಮಷೀನ್ ತಾ.”

ಮಷೀನು ತೊಂಬತ್ತೆಂಟು ಎಂದಿತು. ಮೇಸ್ತ್ರಿ ಬರೆದಿಟ್ಟರು. ಪ್ರೆಶರ್ ಬಂದಿಲ್ಲ, ಇಳಿದಿದೆ. ಒಂಬತ್ತು ಗಂಟೆಗೆ ಇನ್ನೊಮ್ಮೆ ವಾಂತಿಯಾಯಿತು, ಹತ್ತಕ್ಕೆ ಮತ್ತೊಮ್ಮೆ. ಮಷೀನು ತೊಂಬತ್ತು ಎಂದಿತು. ಈಗ ಮೇಸ್ತ್ರಿ ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಬಳಸಿ ಒಂದು ತೀರ್ಮಾನಕ್ಕೆ ಬಂದರು. ಏರಿದಾಗ ಎರಡರಷ್ಟು ಹಾಕಬೇಕು ಎಂದರೆ, ಇಳಿದಾಗ ಅರ್ಧ ಹಾಕಬೇಕು. ಬಾಯ್ಲರ್ ಇರಲಿ, ಮನುಷ್ಯ ಇರಲಿ, ನಿಯಮ ಎಂದರೆ ಎರಡೂ ಕಡೆ ನಡೆಯಬೇಕು.

“ಮಧ್ಯಾಹ್ನದ ಮಾತ್ರೆ ಅರ್ಧ ಮಾಡಿಡು” ಎಂದರು.

“ಅರ್ಧಾನಾ? ನಿಮಗೇನು ತಲೆ ಕೆಟ್ಟಿದೆಯಾ? ನಡೀರಿ ಆಸ್ಪತ್ರೆಗೆ.”

“ನೀನು ಹೆದರಿಸ್ಬೇಡ. ಅಂಕಿ ನೋಡು, ಇಳೀತಾ ಇದೆ. ಇಳಿಯೋದು ಒಳ್ಳೇದು. ಒಡೆಯೋದು ಏರಿದ್ದು, ಇಳಿದದ್ದಲ್ಲ.”

ಹೆಂಡತಿ ಅಡುಗೆಮನೆಗೆ ಹೋಗಿ ಬೋರ್ಡಿನ ಮುಂದೆ ನಿಂತಳು. ನಾಲ್ಕೇ ಮಾತು. ನಾಲ್ಕನ್ನೂ ಓದಿದಳು, ಮತ್ತೊಮ್ಮೆ ಓದಿದಳು. ಅಕ್ಷರಗಳು ಅಷ್ಟು ದುಂಡಗೆ, ಅಷ್ಟು ಧೈರ್ಯವಾಗಿ ನಿಂತಿದ್ದವು. ತಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂಬ ಅನುಮಾನ ಅವಳಿಗೂ ಬಂತು. ಡಾಕ್ಟರಮ್ಮನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಗಂಡ ಇಷ್ಟು ವರ್ಷ ಮುಳ್ಳು ನೋಡಿ ಒಂದು ಕಟ್ಟಡವನ್ನು ಕಾಪಾಡಿದವರು. ತಾನು ಏನು ನೋಡಿ ಹೇಳುತ್ತಿದ್ದೇನೆ? ಬರೀ ಮುಖ.

ಹನ್ನೊಂದೂವರೆಗೆ ಮೇಸ್ತ್ರಿ ಬಚ್ಚಲಿನಿಂದ ಹಿಂದಿರುಗುವಾಗ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕುಸಿದರು. ಹಾಸಿಗೆಯವರೆಗೆ ಹೆಂಡತಿ ಎಳೆದುಕೊಂಡು ಹೋಗಬೇಕಾಯಿತು. ತುಟಿ ಬಿಳುಚಿತ್ತು, ಕೈ ತಣ್ಣಗಿತ್ತು. ಮಷೀನು ಎಪ್ಪತ್ತನಾಲ್ಕು ಎಂದಿತು. ಮೇಸ್ತ್ರಿಗೆ ಎಲ್ಲವೂ ಕೇಳಿಸುತ್ತಿತ್ತು, ಆದರೆ ದೂರದಿಂದ. ಪುಸ್ತಕ ಕೊಡು ಎನ್ನಬೇಕೆನಿಸಿತು. ಅಷ್ಟು ಮಾತಿಗೂ ಉಸಿರು ಸಾಲದು ಎಂದು ಗೊತ್ತಾಗಿ, ಬರೆಯದೆ ಹೋದ ಒಂದು ಅಂಕಿಯ ಬಗ್ಗೆ ಸಣ್ಣಗೆ ಸಂಕಟವಾಯಿತು. ಭಯವಾಗಲಿಲ್ಲ. ಭಯಪಡುವುದಕ್ಕೂ ಬೇಕಾದ ಹಾರ್ಮೋನು ಆ ಹೊತ್ತಿಗೆ ಅವರಲ್ಲಿ ಮುಗಿದಿತ್ತು.

“ಇಂಜೆಕ್ಷನ್ ಕೊಡ್ತೀನಿ ಕಣ್ರೀ” ಎಂದಳು ಹೆಂಡತಿ. ಬೈಗುಳಕ್ಕೆ ತಯಾರಾಗಿಯೇ ಹೇಳಿದ್ದಳು. ಬೋರ್ಡಲ್ಲಿ ಇಂಜೆಕ್ಷನ್ ಇದೆಯಾ ಎಂಬ ಪ್ರಶ್ನೆಗೆ ಉತ್ತರವನ್ನೂ ಹೊಂದಿಸಿಕೊಂಡಿದ್ದಳು.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ, “ನೀನು ಹೇಳಿದ ಹಾಗೇ ಆಗ್ಲಿ” ಎಂದರು.

ಹೆಂಡತಿ ಅವರ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅವಳು ಯಾವುದನ್ನೂ ಯೋಚಿಸಲಿಲ್ಲ. ಬೀರುವಿನಿಂದ ಇಂಜೆಕ್ಷನ್ನಿನ ಡಬ್ಬಿ ತೆಗೆದಳು. ಸೀಸೆಯ ಪುಡಿಗೆ ನೀರು ಸೇರಿಸಿ ಅಲ್ಲಾಡಿಸಿದಳು, ಸಿರಿಂಜಿಗೆ ಎಳೆದಳು, ಗಾಳಿ ಬಿಟ್ಟಳು. ಪೈಜಾಮ ಸರಿಸಲು ಪುರುಸೊತ್ತಿರಲಿಲ್ಲ, ಬಟ್ಟೆಯ ಮೇಲೆಯೇ ತೊಡೆಗೆ ಚುಚ್ಚಿದಳು. ಸೂಜಿ ನೇರವಾಗಿ ಇಳಿಯಿತು. ಆಂಬುಲೆನ್ಸಿಗೆ ಫೋನು ಮಾಡಿ ವಿಳಾಸ ಹೇಳುವಾಗ ಮಾತ್ರ, ಹದಿನೆಂಟು ವರ್ಷದಿಂದ ಇದ್ದ ಮನೆಯ ನಂಬರು ಮರೆತುಹೋಗಿ, ಬೀದಿಗೆ ಓಡಿ ಬಾಗಿಲ ಮೇಲಿನದನ್ನು ಓದಿ ಹೇಳಿದಳು.

ಎರಡು ದಿನದ ಮೇಲೆ ಡಾಕ್ಟರಮ್ಮ ಮೇಸ್ತ್ರಿಯ ಪುಸ್ತಕವನ್ನು ಹಾಸಿಗೆಯ ಪಕ್ಕ ನಿಂತೇ ಓದಿದರು. ತೊಂಬತ್ತೆಂಟು, ತೊಂಬತ್ತು, ಅದರ ಮುಂದೆ ‘ಮಾತ್ರೆ ಅರ್ಧ’. ಓದಿ ಮುಗಿಸಿ ಪುಸ್ತಕ ಮುಚ್ಚಿದರು.

“ಮೇಸ್ತ್ರಿ, ನಾನು ಹೇಳಿದ ಪ್ರೆಶರ್ ಇದಲ್ಲ. ಮೈಗೆ ಬರೋ ಕಷ್ಟಕ್ಕೆ ಪ್ರೆಶರ್ ಅಂದೆ. ಜ್ವರ ಬಂದಾಗ ಹಾರ್ಮೋನ್ ಸಿಗದಿದ್ರೆ ಬಿಪಿ ಏರಲ್ಲ, ಬಿದ್ದುಹೋಗತ್ತೆ. ನಿಮ್ಮ ಅಂಕಿ ಇಳೀತಾ ಹೋಗಿದ್ದು ನೀವು ಹೋಗ್ತಾ ಇದ್ದದ್ದಕ್ಕೆ.”

“ಗೇಜಿಲ್ಲದ ಪ್ರೆಶರ್ ಒಂದಿದೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ” ಎಂದರು ಮೇಸ್ತ್ರಿ.

“ತಪ್ಪು ನಂದೂ ಇದೆ. ಬೇರೆ ಮಾತಲ್ಲಿ ಹೇಳ್ಬೇಕಿತ್ತು. ಇನ್ನರ್ಧ ಗಂಟೆ ತಡವಾಗಿದ್ರೆ ಯಾವ ಮಾತಲ್ಲಿ ಹೇಳಿಯೂ ಪ್ರಯೋಜನ ಇರ್ಲಿಲ್ಲ.” ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದರು. “ನಿಮಗೆ ಹೇಗೆ ಗೊತ್ತಾಯ್ತು ಅಮ್ಮಾ? ಬೋರ್ಡು, ಮಷೀನು, ಇವರು, ಮೂವರೂ ಬೇಡ ಅಂತಿದ್ರಲ್ಲ. ಯಾವ ಲಕ್ಷಣ ನೋಡಿ ಇಂಜೆಕ್ಷನ್ ಕೊಟ್ರಿ?”

ಹೆಂಡತಿ ಹೇಳಲೋ ಬೇಡವೋ ಎಂಬಂತೆ ಸೆರಗಿನ ಅಂಚು ತಿರುವಿದಳು.

“ನೀನು ಹೇಳಿದ ಹಾಗೇ ಆಗ್ಲಿ ಅಂದ್ರು ಡಾಕ್ಟ್ರೇ” ಎಂದಳು. “ಮದ್ವೆ ಆಗಿ ಇಪ್ಪತ್ನಾಲ್ಕು ವರ್ಷ. ಆ ಮಾತು ಅವರ ಬಾಯಲ್ಲಿ ಕೇಳಿರ್ಲಿಲ್ಲ. ಪ್ರಾಣ ಹೋಗ್ತಾ ಇದೆ ಅಂತ ಆಗ ಗೊತ್ತಾಯ್ತು.”

ಡಾಕ್ಟರಮ್ಮ ಫೈಲಿನಲ್ಲಿ ಲಕ್ಷಣಗಳು ಎಂಬ ಜಾಗದಲ್ಲಿ ಪೆನ್ನಿಟ್ಟು, ಏನು ಬರೆಯಬೇಕೆಂದು ತಿಳಿಯದೆ, ಪೆನ್ನು ಮುಚ್ಚಿ ಮುಂದಿನ ಹಾಸಿಗೆಗೆ ಹೋದರು.

ಮೇಸ್ತ್ರಿ ಚಾವಣಿ ನೋಡುತ್ತ ಮಲಗಿದ್ದರು. ಅವರಿಗೆ ನಾಚಿಕೆಯಾಗಿತ್ತು. ಸಾಯುವುದರಲ್ಲಿದ್ದೆ ಎಂಬುದಕ್ಕಲ್ಲ, ಅದು ಯಾರಿಗಾದರೂ ಆಗುವಂಥದ್ದು. ಇಷ್ಟು ವರ್ಷ ಜೊತೆಗಿದ್ದವಳ ಮಾತಿಗೆ ಹೂಂ ಎಂದದ್ದು ಪ್ರಾಣ ಹೋಗುವ ಲಕ್ಷಣವಾಗುವಂತೆ ಬದುಕಿದೆನಲ್ಲ ಎಂದು. ಇಪ್ಪತ್ತನಾಲ್ಕು ವರ್ಷವನ್ನು ತಡಕಿ ನೋಡಿದರು, ಅವಳ ಮಾತು ಸುಳ್ಳೆನ್ನಲು ಒಂದೇ ಒಂದು ಸಂಜೆಯೂ ಸಿಗಲಿಲ್ಲ. ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಕೂತು ಅವರ ಪೈಜಾಮದ ತೂತಿಗೆ ಹೊಲಿಗೆ ಹಾಕುತ್ತಿದ್ದಳು. ಅವಳ ಮೇಲೆ ಅವರಿಗೆ ಬಹಳ ಪ್ರೀತಿ ಬಂತು. ಹೇಳಿಬಿಡಬೇಕು ಎನಿಸಿತು.

“ಇಲ್ನೋಡು” ಎಂದರು. “ನೀನು ಹೇಳಿದ್ದೇ ಸರಿ.”

ಹೆಂಡತಿ ಹೊಲಿಗೆ ಕೈಬಿಟ್ಟು ತಟ್ಟನೆ ಅವರ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಆದರೂ ನರ್ಸನ್ನು ಕೂಗಿದಳು.